ನಕ್ಷೆಯ ನಡುವಿನ ದೊಡ್ಡವರು

ಲೋಹ ಸಂಶೋಧನಾಲಯದಲ್ಲಿ ತುಕ್ಕಣ್ಣ ಯಾರೆಂದು ಗೊತ್ತಿಲ್ಲದವರಿರಲಿಲ್ಲ. ಗೊತ್ತು ಎಂದು ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಭದ್ರವಾಗಿತ್ತು. ಬಾಗಿಲ ಕೀಲುಗಳಿಗೆ ತುಕ್ಕು ಏಕೆ ಹಿಡಿಯುತ್ತದೆ, ಯಾವ ಕಡೆಯಿಂದ ಶುರುವಾಗುತ್ತದೆ ಎಂಬ ಒಂದೇ ವಿಷಯವನ್ನು ತುಂಬುಗೂದಲಿನ ಕಾಲದಿಂದ ಬೋಳುತಲೆಯ ಕಾಲದವರೆಗೆ ಅಧ್ಯಯನ ಮಾಡಿದ್ದರಿಂದ ಸಹೋದ್ಯೋಗಿಗಳು ಪ್ರೀತಿಯಿಂದ ಈ ಹೆಸರಿಟ್ಟಿದ್ದರು. ಪ್ರೀತಿಯಿಂದ ಎಂದು ತುಕ್ಕಣ್ಣ ನಂಬಿದ್ದ. ಅವನ ಸ್ವಂತ ಮನೆಯ ಗೇಟು ತೆರೆದಾಗಲೆಲ್ಲ ಇಡೀ ಬೀದಿ ತಿರುಗಿ ನೋಡುವಂತೆ ಕಿರುಗುಟ್ಟುತ್ತಿತ್ತು. ಒಂದು ತೊಟ್ಟು ಎಣ್ಣೆ ಬಿಡಿ ಎಂದು ಹೆಂಡತಿ ಗೋಗರೆದರೆ, "ಅದು ಇನ್ನೂ ಅವಲೋಕನದ ಹಂತದಲ್ಲಿದೆ ಕಣೆ" ಎನ್ನುತ್ತಿದ್ದ.

ಅವನ ಕೋಣೆ ಮೆಟ್ಟಿಲ ಕೆಳಗಿತ್ತು. ಮೊದಲು ಅಲ್ಲಿ ಪೊರಕೆ ಬಕೆಟ್ಟು ಇಡುತ್ತಿದ್ದರು. ಅವನು ಬಂದ ಮೇಲೂ ಇಡುತ್ತಿದ್ದರು. ಯಾರ ತಂಟೆಗೂ ಹೋಗದೆ, ಯಾರ ಕಣ್ಣಿಗೂ ಬೀಳದೆ, ನಿವೃತ್ತಿಯವರೆಗೆ ಹೀಗೇ ತೆವಳಿಕೊಂಡು ಹೋಗಿಬಿಡಬಹುದು ಎಂಬುದು ಅವನ ಲೆಕ್ಕಾಚಾರ. ಆ ಲೆಕ್ಕಾಚಾರವನ್ನು ಕೆಡಿಸಿದವರು ಹೊಸ ನಿರ್ದೇಶಕರು.

ಹೊಸ ನಿರ್ದೇಶಕರು ಲೋಹ ಮುಟ್ಟಿದ್ದು ಊಟದ ಚಮಚದಲ್ಲಿ ಮಾತ್ರ. ಆದರೆ ಆಡಳಿತದಲ್ಲಿ ಪಳಗಿದ ಕೈ. ಬಂದ ವಾರವೇ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ಭಾಷಣ ಬಿಗಿದರು.

"ಒಬ್ಬ ಸಂಶೋಧಕ ದೊಡ್ಡೋನೋ ಚಿಕ್ಕೋನೋ ಅಂತ ತಿಳಿಯೋಕೆ ಹಿಂದೆ ಏನು ಮಾಡ್ತಿದ್ರು? ಅವನು ಬರೆದಿದ್ದನ್ನ ಓದ್ತಿದ್ರು. ಎಂಥಾ ದಂಡದ ಕೆಲಸ! ಓದೋಕೆ ಟೈಮ್ ಯಾರಿಗಿದೆ? ಈಗ ಓದಬೇಕಾಗಿಲ್ಲ. ಎಣಿಸಿದ್ರೆ ಸಾಕು."

ಎಣಿಸುವುದು ಹೀಗೆ. ಪ್ರತಿ ಸಂಶೋಧನಾ ಲೇಖನದ ಕೊನೆಯಲ್ಲಿ, ಅದು ಯಾರ ಯಾರ ಹಿಂದಿನ ಕೃತಿಗಳನ್ನು ಆಧರಿಸಿದೆ ಎಂಬ ಉಲ್ಲೇಖಗಳಿರುತ್ತವೆ. ನಿಮ್ಮ ಹೆಸರು ಎಷ್ಟು ಜನರ ಲೇಖನದ ಬಾಲದಲ್ಲಿ ಬರುತ್ತದೋ ನೀವು ಅಷ್ಟು ದೊಡ್ಡವರು. ಯಂತ್ರವೊಂದು ಇದನ್ನೆಲ್ಲ ಒಟ್ಟುಮಾಡಿ ಗೋಡೆಯ ಮೇಲಿನ ಪರದೆಯಲ್ಲಿ ಒಂದು 'ಪ್ರಭಾವ ನಕ್ಷೆ' ಬಿಡಿಸುತ್ತದೆ. ಸಂಸ್ಥೆಯ ಒಬ್ಬೊಬ್ಬ ಸಂಶೋಧಕನಿಗೂ ಒಂದೊಂದು ವೃತ್ತ. ಉಲ್ಲೇಖ ಹೆಚ್ಚಿದಷ್ಟೂ ವೃತ್ತ ಉಬ್ಬುತ್ತದೆ. ಇಬ್ಬರು ಸೇರಿ ಲೇಖನ ಬರೆದಿದ್ದರೆ ಇಬ್ಬರ ನಡುವೆ ಒಂದು ಗೆರೆ. ಗೆರೆ ಇಲ್ಲದ ಸಣ್ಣ ಚುಕ್ಕಿಗಳು ತಾವಾಗಿಯೇ ಅಂಚಿಗೆ ಸರಿಯುತ್ತವೆ.

"ಅಂಚಿಗೆ ಸರಿದೋರನ್ನ ಇನ್ನೂ ಸ್ವಲ್ಪ ಸರಿಸ್ತೀನಿ," ಎಂದು ನಿರ್ದೇಶಕರು ನಕ್ಕರು. "ಕಡಲತೀರದ ಉಪಕೇಂದ್ರಕ್ಕೆ."

ಉಪಕೇಂದ್ರವೆಂದರೆ ಕಬ್ಬಿಣದ ತಗಡುಗಳನ್ನು ಉಪ್ಪುಗಾಳಿಗೆ ಒಡ್ಡಿ ಅವು ಹಾಳಾಗುವುದನ್ನು ಕಾಯುತ್ತ ಕೂರುವ ಒಂದು ಶೆಡ್ಡು. ತಗಡಿಗೂ ಮನುಷ್ಯನಿಗೂ ಅಲ್ಲಿ ಒಂದೇ ಗತಿ. ಉಪನಿರ್ದೇಶಕ ಪಕ್ಕಕ್ಕೆ ವಾಲಿ, "ನಿಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಜಾಗ ಅಲ್ವೇನ್ರೀ?" ಎಂದು ತುಕ್ಕಣ್ಣನ ತೊಡೆ ತಟ್ಟಿದ. ನಿರ್ದೇಶಕರು ಯಾರೇ ಆಗಲಿ, ಏನೇ ಹೇಳಲಿ, ಮೊದಲು 'ಹೌದು' ಎಂದು ಆಮೇಲೆ ಕೇಳಿಸಿಕೊಳ್ಳುವ ಈ ಉಪನಿರ್ದೇಶಕನಿಗೆ ಸಂಸ್ಥೆಯಲ್ಲಿ ಹೌದಪ್ಪ ಎಂದು ಹೆಸರು.

ಸಂಜೆ ತುಕ್ಕಣ್ಣ ಹೆಂಡತಿಯ ಹೊಲಿಗೆ ಅಂಗಡಿಯ ಕುರ್ಚಿಯಲ್ಲಿ ಕುಸಿದು ವಿಷಯ ಹೇಳಿದ. ಅವಳು ಟೇಪನ್ನು ಕೊರಳಿನಿಂದ ತೆಗೆಯಲೂ ಇಲ್ಲ.

"ನೋಡಿ, ಅಡುಗೆಮನೆ ಮೂಲೇಲಿ ಕೂತು ಕಣ್ಣು ಹಾಳು ಮಾಡ್ಕೊಂಡು ಹೊಲಿದು, ಈಗ ದೊಡ್ಡ ಬೀದೀಲಿ ಅಂಗಡಿ ಹಿಡಿದಿದೀನಿ. ಎದುರುಗಡೆ ಕನ್ನಡಿ ಹಾಕ್ಸಿ ಇನ್ನೂ ಅಂಟಿನ ವಾಸನೆ ಹೋಗಿಲ್ಲ. ನೀವು ಕಡಲತೀರಕ್ಕೆ ಹೋಗೋದಾದ್ರೆ ಒಬ್ರೇ ಹೋಗಿ. ನಾನೂ ನನ್ನ ಮಷೀನೂ ಇಲ್ಲೇ."

"ಒಬ್ಬನೇ ಹೇಗೆ ಇರ್ಲಿ?"

"ಅದನ್ನ ಆ ನಕ್ಷೆನ ಕೇಳಿ."

ಕನ್ನಡಕ ಹಣೆಯ ಮೇಲಿದ್ದಾಗ ಅದು ಹಣೆಯ ಮೇಲಿದೆ ಎಂದು ಹೇಳಲು ತುಕ್ಕಣ್ಣನಿಗೆ ಈ ಲೋಕದಲ್ಲಿ ಇದ್ದವಳು ಅವಳೊಬ್ಬಳೇ.

ನಕ್ಷೆಯ ಅನಾವರಣದ ದಿನ ಸಂಸ್ಥೆಯ ಮುಂಭಾಗದ ಹಜಾರದಲ್ಲಿ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಂತಿದ್ದರು. ಬೆಸುಗೆ ವಿಭಾಗದ ಮೇಡಂ ನಡುವೃತ್ತ ತಮ್ಮದೇ ಎಂದು ಖಚಿತವಾಗಿ ತಿಳಿದು ಛಾಯಾಗ್ರಾಹಕನಿಗೆ ಆಗಲೇ ಭಂಗಿ ಕೊಟ್ಟಾಗಿತ್ತು. ತುಕ್ಕಣ್ಣ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ, ಅಂಚಿನ ಅಭ್ಯಾಸ ಮಾಡುತ್ತಿದ್ದ.

ನಿರ್ದೇಶಕರು ಗುಂಡಿ ಒತ್ತಿದರು. ಪರದೆಯ ತುಂಬ ಬಣ್ಣದ ಗುಳ್ಳೆಗಳು ಎದ್ದವು, ಒಂದನ್ನೊಂದು ನೂಕಿಕೊಂಡು ಜಾಗ ಹಿಡಿದವು. ಕೊನೆಗೆ ನಟ್ಟನಡುವೆ ಕುಂಬಳಕಾಯಿಯಂಥ ಒಂದು ವೃತ್ತ ನಿಂತಿತು. ಅದರ ಮುಂದೆ ಬೆಸುಗೆ ಮೇಡಂ ಬಟಾಣಿ ಕಾಳು. ಹೌದಪ್ಪ ಸಾಸಿವೆ. ಆ ಮಹಾವೃತ್ತದ ಮೇಲೆ ಬರೆದಿದ್ದ ಹೆಸರನ್ನು ಯಾರೂ ಎಂದೂ ಕೇಳಿರಲಿಲ್ಲ. ಹೆಸರು ಉದ್ದವಾಗಿತ್ತು, ಗಂಭೀರವಾಗಿತ್ತು. ಅದನ್ನು ಪೂರ್ತಿ ಉಚ್ಚರಿಸುವ ಧೈರ್ಯವಿಲ್ಲದೆ ಅಂದಿನಿಂದಲೇ ಎಲ್ಲರೂ 'ದೊಡ್ಡವರು' ಎಂದುಬಿಟ್ಟರು. ನಾವೂ ಹಾಗೇ ಅನ್ನೋಣ.

ದೊಡ್ಡವರಿಂದ ಹೊರಟಿದ್ದು ಒಂದೇ ಒಂದು ಗೆರೆ. ಅದು ಪರದೆಯ ಮೇಲೆ ನೇರವಾಗಿ ಸಾಗಿ ಪಕ್ಕದ ಒಂದು ಹದವಾದ ವೃತ್ತಕ್ಕೆ ತಗುಲಿತ್ತು. ಆ ವೃತ್ತದ ಮೇಲೆ ತುಕ್ಕಣ್ಣನ ಹೆಸರಿತ್ತು.

ಹಜಾರವೆಲ್ಲ ಕಂಬದತ್ತ ತಿರುಗಿತು.

"ನಿಮಗೆ ಇವರು ಗೊತ್ತಾ?" ಎಂದರು ನಿರ್ದೇಶಕರು.

ಇಲ್ಲಿ ಒಂದು ಸತ್ಯ ಹೇಳಬೇಕು. ತುಕ್ಕಣ್ಣನಿಗೆ ಆ ಹೆಸರು ಯಾರದೆಂದು ಆ ಕ್ಷಣ ಖಂಡಿತ ಹೊಳೆಯಲಿಲ್ಲ. ಆದರೆ ವಿದ್ವಾಂಸರ ಸಭೆಯಲ್ಲಿ 'ಗೊತ್ತಿಲ್ಲ' ಎಂದವರು ಇತಿಹಾಸದಲ್ಲಿ ಇಲ್ಲ.

"ಗೊತ್ತು ಸಾರ್," ಎಂದ ತುಕ್ಕಣ್ಣ.

"ನಮ್ಮ ಸಂಸ್ಥೆ ಹೆಸರೇ ಹಾಕ್ಕೊಂಡಿದಾರೆ. ನಾನು ನೋಡೇ ಇಲ್ವಲ್ಲ?"

ಹೌದಪ್ಪ ಮುಂದೆ ನುಗ್ಗಿದ. "ಗೌರವ ಸಂಶೋಧಕರು ಸಾರ್. ತುಂಬ ಹಳಬರು. ಸಂಕೋಚದ ಜನ, ಮುಂದೆ ಬರಲ್ಲ."

"ಹೌದು ಹೌದು," ಎಂದರು ಬೆಸುಗೆ ಮೇಡಂ, ಬಟಾಣಿಯಾದ ಸಂಕಟವನ್ನು ನುಂಗಿಕೊಂಡು. "ನನ್ನ ಗುರುಗಳು ಅವರ ವಿಷಯ ಬಹಳ ಹೇಳೋರು."

ಕೊನೆಗೆ ದೊಡ್ಡವರನ್ನು ಅರಿಯದ ಪಾಮರನೆಂದರೆ ಆ ಹಜಾರದಲ್ಲಿ ಅವರ ಸಹಲೇಖಕ ಒಬ್ಬನೇ ಆಗಿದ್ದ.

ಮನೆಗೆ ಬಂದು ಹೆಂಡತಿಯೆದುರು ಆ ಹೆಸರು ಹೇಳಿದ್ದೇ ತಡ, ಅವಳು ಕತ್ತರಿ ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಯ್ಯೋ ನಿಮ್ಮ ಮರೆವಿಗಿಷ್ಟು! ಅದರ ಮೊದಲರ್ಧ ನಾನು ಹೇಳಿದ್ದಲ್ವಾ? ಉಳಿದರ್ಧ ನೀವು ಸೋಪಿನ ಡಬ್ಬ ನೋಡ್ಕೊಂಡು ಬರೆದ್ರಿ."

ಆಗ ನೆನಪಾಯಿತು. ಎಷ್ಟೋ ವರ್ಷಗಳ ಹಿಂದೆ, ಅಂದಿನ ನಿರ್ದೇಶಕರು ಹೊಸದಾಗಿ ಸೇರಿದವರಿಗಾಗಿ ಒಂದು ಮಾದರಿ ಲೇಖನ ತಯಾರಿಸಲು ತುಕ್ಕಣ್ಣನಿಗೆ ಹೇಳಿದ್ದರು. ಶೀರ್ಷಿಕೆ ಎಲ್ಲಿ, ಉಲ್ಲೇಖ ಎಲ್ಲಿ, ಅಲ್ಪವಿರಾಮ ಎಲ್ಲಿ ಎಂದು ತೋರಿಸಲು. ಇಬ್ಬರು ಲೇಖಕರ ಕೃತಿಯನ್ನು ಉಲ್ಲೇಖಿಸುವ ಬಗೆಗೆ ಒಂದು ಉದಾಹರಣೆ ಬೇಕಿತ್ತು. ತುಕ್ಕಣ್ಣ ಒಬ್ಬ ಲೇಖಕನನ್ನು ಹುಟ್ಟಿಸಿ, ಅವನಿಗೆ ತನ್ನ ಸಂಸ್ಥೆಯ ವಿಳಾಸವನ್ನೇ ಕೊಟ್ಟ. 'ಲೋಹಗಳ ವರ್ತನೆ: ಕೆಲವು ಮೂಲಭೂತ ವಿಚಾರಗಳು' ಎಂದು ಯಾವ ಲೇಖನಕ್ಕೂ ಒಗ್ಗುವ ಒಂದು ಕೃತಿಯನ್ನು ಅವನ ಕೈಯಿಂದ ಬರೆಸಿದ. ಎರಡನೆಯ ಲೇಖಕ ಯಾರು ಎಂದು ಪೆನ್ನು ಕಚ್ಚುತ್ತಿದ್ದಾಗ ಒಂದು ಸಣ್ಣ ಆಸೆ ಇಣುಕಿತು. ಅಂಥ ಭಾರಿ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಹೇಗೆ ಕಾಣುತ್ತದೆ ಎಂದು ನೋಡಬೇಕೆನಿಸಿತು. ಬರೆದ. ಚೆನ್ನಾಗಿ ಕಂಡಿತು. ಹಾಗೇ ಬಿಟ್ಟ.

ಮುಂದಿನದನ್ನು ಸಂಶೋಧಕರ ಸೋಮಾರಿತನ ನೋಡಿಕೊಂಡಿತು. ಹೊಸಬರು ತಮ್ಮ ಲೇಖನವನ್ನು ಆ ಮಾದರಿಯ ಮೇಲೇ ಬೆರಳಚ್ಚು ಮಾಡಿ, ಮಾದರಿ ಉಲ್ಲೇಖವನ್ನು ಅಳಿಸಲು ಮರೆತರು. ಅವರ ಹಿಂದೆ ಬಂದವರು ಅವರ ಉಲ್ಲೇಖಗಳನ್ನು ಇಡಿಯಾಗಿ ಎತ್ತಿಕೊಂಡರು, ಬಾಲ ಉದ್ದವಿದ್ದಷ್ಟೂ ಹೆಚ್ಚು ಓದಿದವರಂತೆ ಕಾಣುತ್ತೇವೆಂದು. ಬೇರೆ ಸಂಸ್ಥೆಯವರು ಇವರಿಂದ ಎತ್ತಿದರು; ಎತ್ತುವ ಅವಸರದಲ್ಲಿ ಹೆಚ್ಚಿನವರು ಎರಡನೆಯ ಹೆಸರನ್ನು ಕೈಬಿಟ್ಟರು. ಹೀಗೆ ಬರೆಯದ ಕೃತಿಯ, ಹುಟ್ಟದ ಲೇಖಕ, ಒಬ್ಬರೂ ಓದದೆ, ಎಲ್ಲರಿಗಿಂತ ದೊಡ್ಡವನಾದ.

"ನಾಳೇನೇ ಹೋಗಿ ಹೇಳಿಬಿಡ್ತೀನಿ," ಎಂದ ತುಕ್ಕಣ್ಣ.

"ಹೇಳಿದ್ರೆ ಆ ಗೆರೆ ಹೋಗುತ್ತಲ್ವಾ?"

"ಹೋಗುತ್ತೆ."

"ಗೆರೆ ಹೋದ್ರೆ?"

"ಕಡಲತೀರ."

ಹೆಂಡತಿ ಹೊಸ ಕನ್ನಡಿಯತ್ತ ಒಮ್ಮೆ ನೋಡಿದಳು. "ಅಷ್ಟು ಅವಸರ ಏನಿದೆ? ನಿಧಾನವಾಗಿ ಹೇಳಿದ್ರಾಯ್ತು."

ಆ ನಿಧಾನ ಚೆನ್ನಾಗಿಯೇ ನಡೆಯಿತು. ಮರುವಾರ ತುಕ್ಕಣ್ಣನನ್ನು ಮೆಟ್ಟಿಲ ಕೆಳಗಿನಿಂದ ಎಬ್ಬಿಸಿ, ಕಿಟಕಿಯಿರುವ, ತಿರುಗುವ ಕುರ್ಚಿಯಿರುವ ಕೋಣೆಗೆ ಕರೆದೊಯ್ದರು. ಪೊರಕೆ ಬಕೆಟ್ಟು ಜೊತೆಗೆ ಬರಲಿಲ್ಲ. ಚಹಾದ ಹೊತ್ತಿಗೆ ಜನ ಕುರ್ಚಿ ಎಳೆದುಕೊಂಡು ಅವನ ಸುತ್ತ ಕೂರತೊಡಗಿದರು.

"ದೊಡ್ಡವರ ಫೋನ್ ನಂಬರ್ ಕೊಡಿ ಮಾರಾಯ್ರೆ."

"ಅವರು ಫೋನ್ ಇಟ್ಟಿಲ್ಲ."

"ಆಹಾ! ನೋಡಿ, ಅಂಥೋರು ಫೋನ್ ಇಡಲ್ಲ."

"ಒಂದ್ಸಲ ಮನೆಗೆ ಕರ್ಕೊಂಡು ಹೋಗಿ."

"ಅವರಿಗೆ ಗಂಟಲು ಸರಿಯಿಲ್ಲ. ಕೆಮ್ಮು. ಯಾರ ಹತ್ರಾನೂ ಮಾತಾಡಲ್ಲ."

"ಮೌನ! ಅದಕ್ಕೇ ಅಷ್ಟು ಕೆಲಸ ಆಗಿದೆ," ಎಂದು ಹೌದಪ್ಪ ಕಣ್ಣು ಮುಚ್ಚಿದ.

ತುಕ್ಕಣ್ಣ ಒಂದು ಸುಳ್ಳು ಹೇಳಿದರೆ ದೊಡ್ಡವರು ಒಂದು ಗೇಣು ಬೆಳೆಯುತ್ತಿದ್ದರು. ಅಷ್ಟರಲ್ಲಿ ಅವನಿಗೆ ಇನ್ನೊಂದು ವಿಷಯ ಪತ್ತೆಯಾಯಿತು. ಬಾಗಿಲ ಕೀಲಿಗೆ ತುಕ್ಕು ಮೇಲಿನಿಂದಲ್ಲ, ಒಳಗಿನ ಮೊಳೆಯಿಂದ ಹಿಡಿಯುತ್ತದೆ ಎಂದು ಅವನು ಜೀವಮಾನವಿಡೀ ಹೇಳಿದ್ದಾಗ ಜನ ಆಕಳಿಸಿದ್ದರು. "ದೊಡ್ಡವರು ಮೊನ್ನೆ ಹೇಳ್ತಿದ್ರು, ತುಕ್ಕು ಹಿಡಿಯೋದು ಒಳಗಿನ ಮೊಳೆಯಿಂದ ಅಂತ," ಎಂದು ಸುಮ್ಮನೆ ತೇಲಿಬಿಟ್ಟ. ಸುತ್ತಲಿದ್ದವರು ಪೆನ್ನು ತೆಗೆದರು. ಬೆಸುಗೆ ಮೇಡಂ, "ಎಂಥಾ ಒಳನೋಟ!" ಎಂದು ಚಹಾ ಆರಲು ಬಿಟ್ಟರು. ತುಕ್ಕಣ್ಣನಿಗೆ ಮೈಯೆಲ್ಲ ಜುಮ್ಮೆಂದಿತು. ಇನ್ನೊಂದು ಬಿಸ್ಕತ್ತು ತೆಗೆದುಕೊಂಡ.

ಸುದ್ದಿ ಬೀದಿಗೂ ಇಳಿಯಿತು. ಎದುರುಮನೆಯಲ್ಲಿ ರೈಲಿನ ನಿವೃತ್ತ ಟಿಕೆಟ್ ಕಲೆಕ್ಟರ್ ಒಬ್ಬರಿದ್ದರು. ನಿವೃತ್ತಿಯ ಮೇಲೂ ಬೀದಿಯಲ್ಲಿ ಓಡಾಡುವವರನ್ನೆಲ್ಲ ಟಿಕೆಟ್ಟಿಲ್ಲದವರಂತೆಯೇ ನೋಡುತ್ತಿದ್ದರು. ಗೇಟಿನ ಸದ್ದಿಗಾಗಿ ತುಕ್ಕಣ್ಣನನ್ನು ಬೈಯುವುದು ಅವರ ದಿನಚರಿ. ಈಗ ಗೇಟು ಕಿರುಗುಟ್ಟಿದರೆ ಬಂದು ನಿಂತು, "ದೊಡ್ಡವರು ಬಂದ್ರೇನೋ ಅಂತ ನೋಡ್ದೆ," ಎನ್ನುತ್ತಿದ್ದರು. ಒಂದು ದಿನ ಮೆಲ್ಲಗೆ, "ಮೊನ್ನೆ ಹಳೇ ಕೋಟು ಹಾಕ್ಕೊಂಡು ಸ್ವಲ್ಪ ಬಾಗಿ ನಡ್ಕೊಂಡು ಹೋದ್ರಲ್ಲ, ಅವರೇ ತಾನೇ?" ಎಂದರು. ಅದು ಹಾಲಿನ ಬಾಕಿ ವಸೂಲಿಗೆ ಬಂದವನು. ತುಕ್ಕಣ್ಣ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ದೊಡ್ಡವರನ್ನು ಕಣ್ಣಾರೆ ಕಂಡವರು ಸಾಕಷ್ಟು ಜನರಾಗಿದ್ದರು.

ಆಮೇಲೆ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡನಾದ ಈತ ಪಾಠದ ತರಗತಿಗಳನ್ನು ನಡೆಸಿ ಕೈತುಂಬ ಗಳಿಸುತ್ತಿದ್ದ ಆಸಾಮಿ. ಇದುವರೆಗೆ ಅವನು ತುಕ್ಕಣ್ಣನ ಮನೆಗೆ ಬಂದರೆ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂರುತ್ತಿದ್ದ. ಈ ಸಲ ಒರೆಸದೆ ಕೂತ.

"ಭಾವ, ಹೊಸ ಕಟ್ಟಡ ಉದ್ಘಾಟನೆಗೆ ದೊಡ್ಡವರೇ ಬರಬೇಕು. ನಿಮ್ಮ ಮಾತು ಮೀರಲ್ಲ ಅಂತಾರೆ."

"ಅವರಿಗೆ ಗಂಟಲು..."

"ಮಾತಾಡೋದು ಬೇಡ. ಕತ್ತರಿ ಹಿಡಿದ್ರೆ ಸಾಕು. ಆಮೇಲೆ ಇನ್ನೊಂದು ವಿಷಯ." ಷಡ್ಡಕ ದನಿ ತಗ್ಗಿಸಿದ. "ಅವರಿಗೆ ಮನೆಯಲ್ಲಿ ಯಾರಿದಾರೆ? ಒಂಟಿಯಾ? ನನ್ನ ದೊಡ್ಡಕ್ಕ ಇನ್ನೂ ಮದುವೆ ಆಗಿಲ್ಲ, ಗೊತ್ತಲ್ಲ. ವಯಸ್ಸು ಆಯ್ತು ನಿಜ. ಕೆಮ್ಮು ಇದ್ರೂ ಪರ್ವಾಗಿಲ್ಲ ಅಂತಾಳೆ."

ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಹೆಂಡತಿ ನಗು ತಡೆಯಲಾರದೆ ಕೈಬಿಟ್ಟಿದ್ದಳು.

ಇಷ್ಟರವರೆಗೆ ತಮಾಷೆಯಾಗಿಯೇ ಇತ್ತು. ಈ ಧೈರ್ಯದ ಮೇಲೆ ತುಕ್ಕಣ್ಣ ಒಂದು ಮೂರ್ಖತನ ಮಾಡಿದ: ಪ್ರಾಮಾಣಿಕವಾದ ಒಂದು ಲೇಖನ ಬರೆದ. ಕೀಲು, ಒಳಗಿನ ಮೊಳೆ, ತುಕ್ಕು, ಇಷ್ಟು ಕಾಲ ನೋಡಿದ್ದನ್ನೆಲ್ಲ ತನ್ನ ಹೆಸರಿನಲ್ಲಿ, ತನ್ನ ಹೆಸರಿನಲ್ಲಿ ಮಾತ್ರ, ಬರೆದು ಒಂದು ಪ್ರತಿಷ್ಠಿತ ಪತ್ರಿಕೆಗೆ ಕಳಿಸಿದ. ದೊಡ್ಡವರನ್ನು ಉಲ್ಲೇಖಿಸಲಿಲ್ಲ. ಅಷ್ಟು ಮರ್ಯಾದೆಯನ್ನು ತನಗೆ ತಾನೇ ಉಳಿಸಿಕೊಳ್ಳಬೇಕೆನಿಸಿತ್ತು. ಲೇಖನ ಬಾಣದಂತೆ ವಾಪಸು ಬಂತು. ಪರಿಶೀಲಕರು ಷರಾ ಬರೆದಿದ್ದರು: 'ಒಳಗಿನ ಮೊಳೆಯ ವಾದ ದೊಡ್ಡವರದು, ಇದು ಎಲ್ಲರಿಗೂ ತಿಳಿದ ವಿಷಯ. ಲೇಖಕರು ಅದನ್ನು ಕದ್ದಂತೆ ಕಾಣುತ್ತದೆ. ದೊಡ್ಡವರ ಮೂಲಕೃತಿಯನ್ನು ಮೊದಲು ಸರಿಯಾಗಿ ಓದಿಕೊಂಡು ಬರಲಿ.'

ತುಕ್ಕಣ್ಣ ಆ ಷರಾವನ್ನು ಹೆಂಡತಿಗೆ ತೋರಿಸಿದ. ಅವಳು ಈ ಸಲ ನಗಲಿಲ್ಲ.

"ನಿಮ್ಮ ಜೀವಮಾನದ ಕೆಲಸ ಅಲ್ವೇನ್ರೀ ಅದು?"

"ಹೌದು ಕಣೆ."

"ಆ ಸೋಪಿನ ಡಬ್ಬದೋನು ತಗೊಂಡು ಹೋದ್ನಾ?"

"ನಾನೇ ಕೊಟ್ಟೆ."

ಅವಳು ಸ್ವಲ್ಪ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕೂತಳು. ಪೋಣಿಸಿದ ಮೇಲೆ ಹೊಲಿಯಲಿಲ್ಲ. "ಹೋಗಿ ಹೇಳಿಬಿಡಿ," ಎಂದಳು. "ಅಂಗಡಿ ವಿಷಯ ಆಮೇಲೆ ನೋಡೋಣ."

ಹೇಳದೆ ಬೇರೆ ದಾರಿಯೂ ಇರಲಿಲ್ಲ. ನಕ್ಷೆಯ ಕೃಪೆಯಿಂದ ಸಂಶೋಧನಾಲಯವು ಎಲ್ಲ ಸಂಸ್ಥೆಗಳ ನಡುವೆ ಮೇಲಿನ ಸ್ಥಾನಕ್ಕೆ ಹಾರಿತ್ತು. ವಾರ್ಷಿಕ ಸಮಾರಂಭದಲ್ಲಿ ದೊಡ್ಡವರಿಗೆ ಸನ್ಮಾನವೆಂದು ನಿರ್ದೇಶಕರು ಘೋಷಿಸಿದ್ದರು; ಇಲಾಖೆಯ ಅತಿ ದೊಡ್ಡ ಅಧಿಕಾರಿ ಬರುವುದಕ್ಕೆ ಒಪ್ಪಿದ್ದರು. ದೊಡ್ಡವರನ್ನು ಕರೆತರುವ ಭಾರ ತುಕ್ಕಣ್ಣನದು.

ಅವನು ನಿರ್ದೇಶಕರ ಕೋಣೆಗೆ ಹೋದಾಗ ಹೌದಪ್ಪನೂ ಬೆಸುಗೆ ಮೇಡಮ್ಮೂ ಅಲ್ಲೇ ಇದ್ದರು. ಹೂಗುಚ್ಛ ಎಷ್ಟು ಎತ್ತರವಿರಬೇಕೆಂಬ ಗಹನ ಚರ್ಚೆ ನಡೆದಿತ್ತು.

"ಬನ್ನಿ ಬನ್ನಿ. ದೊಡ್ಡವರಿಗೆ ಕಾರು ಎಲ್ಲಿಗೆ ಕಳಿಸ್ಲಿ?"

"ಕಳಿಸೋದು ಬೇಡ ಸಾರ್. ಅಂಥ ಮನುಷ್ಯ ಇಲ್ಲ."

ಹೌದಪ್ಪ ತಟ್ಟನೆ ಎದ್ದು ತಲೆ ತಗ್ಗಿಸಿ ನಿಂತ. "ಛೆ, ಛೆ. ಯಾವಾಗ ಹೋದ್ರು?"

"ಹೋಗಿಲ್ಲ. ಹುಟ್ಟೇ ಇಲ್ಲ. ನಾನೇ ಹುಟ್ಟಿಸಿದ್ದು."

ತುಕ್ಕಣ್ಣ ಮಾದರಿ ಲೇಖನದ ಕತೆಯನ್ನು, ಸೋಪಿನ ಡಬ್ಬವನ್ನು, ಎರಡನೆಯ ಹೆಸರಿನ ಆಸೆಯನ್ನು ಒಂದೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಎದೆ ಹಗುರವಾಯಿತು. ಬೈಯುತ್ತಾರೆ, ಬೈಯಲಿ, ನಿಜವಾದರೂ ಹೊರಬಿತ್ತಲ್ಲ ಎಂದುಕೊಂಡ. ಬಡಪಾಯಿ.

ಮೊದಲು ಬಾಯಿ ಬಿಟ್ಟವರು ಮೇಡಂ. "ಏನ್ರೀ ಮಾತಾಡ್ತಾ ಇದೀರಾ? ನಂದೂ ಅವರದೂ ಜಂಟಿ ಲೇಖನ ಮೊನ್ನೆ ತಾನೇ ಒಪ್ಪಿಗೆ ಆಗಿದೆ. ಇಲ್ಲದೇ ಇರೋ ಮನುಷ್ಯನ ಜೊತೆ ನಾನು ಲೇಖನ ಬರೆದೆ ಅಂತೀರಾ?"

"ಹೌದು ಮೇಡಂ."

"ನೋಡಿ ಸಾರ್! ನನ್ನ ಮರ್ಯಾದೆ ತೆಗೀತಾ ಇದಾರೆ!"

"ಹೋದ ಸಮ್ಮೇಳನದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ರು ಸಾರ್," ಎಂದ ಹೌದಪ್ಪ. ದುಃಖದಿಂದ ನೇರವಾಗಿ ಕೋಪಕ್ಕೆ ದಾಟಿದ್ದ. "ಹಳೇ ಕೋಟು. ಮಾತಿಲ್ಲ. ಪೂರ್ತಿ ಹೊತ್ತು ಕೆಮ್ಮುತಾ ಇದ್ರು. ನಾನೇ ನೀರು ಕೊಟ್ಟೆ."

"ಆ ಕೆಮ್ಮು ನಾನು ಹೇಳಿದ್ದು ಕಣ್ರೀ!" ಎಂದು ತುಕ್ಕಣ್ಣ ಕೂಗಿದ.

"ನೀವು ಹೇಳೋಕೆ ಮುಂಚೆಯಿಂದ್ಲೂ ಕೆಮ್ಮುತಾ ಇದ್ರು!"

ತುಕ್ಕಣ್ಣ ಜೇಬಿನಿಂದ ಹಳೆಯ ಮಾದರಿ ಲೇಖನದ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟ. ಬೇರೆ ಸಾಕ್ಷಿ ಬೇಕಿಲ್ಲ ಎಂಬ ಭರವಸೆ ಅವನದು. ನಿರ್ದೇಶಕರು ಅದನ್ನು ಎತ್ತಿಕೊಂಡು, ಉಲ್ಲೇಖದ ಸಾಲಿನ ಮೇಲೆ ಬೆರಳಾಡಿಸಿ, ಮುಖ ಅರಳಿಸಿದರು.

"ಇದೆಯಲ್ರೀ! ಇಲ್ಲೇ ಅಚ್ಚಾಗಿದೆ. ಹೆಸರು, ಕೃತಿ, ಪುಟ, ಎಲ್ಲ ಇದೆ. ಇಲ್ಲ ಇಲ್ಲ ಅಂತ ನೀವೇ ಪುರಾವೆ ತಂದಿದೀರಲ್ಲ?"

"ಸಾರ್, ಅದು ಮಾದರಿ!"

"ಮಾದರಿಯೇ! ನಮಗೆಲ್ಲ ಮಾದರಿ," ಎಂದು ಹೌದಪ್ಪ ಕಣ್ಣೊರೆಸಿಕೊಂಡ.

ನಿರ್ದೇಶಕರು ಕನ್ನಡಕ ತೆಗೆದಿಟ್ಟರು. ಅವರ ದನಿ ಈಗ ಮೃದುವಾಗಿತ್ತು; ಮೇಲಧಿಕಾರಿಗಳ ದನಿ ಮೃದುವಾದರೆ ಹೆದರಬೇಕೆಂದು ತುಕ್ಕಣ್ಣನಿಗೆ ಅಷ್ಟು ವರ್ಷದ ಸೇವೆಯಲ್ಲೂ ತಿಳಿದಿರಲಿಲ್ಲ.

"ನೋಡಿ. ಮನುಷ್ಯ ಇದಾನೋ ಇಲ್ವೋ ಅನ್ನೋದು ಆಡಳಿತದ ವಿಷಯ ಅಲ್ಲ. ಪ್ರಭಾವ ಇದೆ. ನಕ್ಷೆಯಲ್ಲಿ ಕಾಣ್ತಾ ಇದೆ. ಪ್ರಭಾವ ಇರೋಕೆ ಮನುಷ್ಯ ಇರಲೇಬೇಕು ಅಂತ ಯಾವ ನಿಯಮದಲ್ಲಿದೆ? ಈ ಕೋಣೆಯಲ್ಲಿ ಕೂತಿರೋ ಎಷ್ಟು ಜನ ಇದ್ದೂ ಪ್ರಭಾವ ಇಲ್ಲದೆ ಸಂಬಳ ತಗೋತಾ ಇಲ್ಲ?"

ಹೌದಪ್ಪ "ಹೌದು" ಎಂದ. ಎಂದ ಮೇಲೆ ಯೋಚಿಸಿ ಸುಮ್ಮನಾದ.

"ಈಗ ನಿಮ್ಮ ವಿಷಯಕ್ಕೆ ಬರೋಣ. ದೊಡ್ಡವರು ಇಲ್ಲ ಅಂತ ಒಪ್ಪಿಕೊಂಡ್ರೆ ಅವರ ಗೆರೆಯೂ ಇಲ್ಲ. ಗೆರೆ ಇಲ್ಲದ ಮೇಲೆ ನೀವು ಅಂಚು. ಅಂಚಿನೋರು ಕಡಲತೀರಕ್ಕೆ. ಇಲ್ಲ, ದೊಡ್ಡವರು ಇದಾರೆ ಅಂತಾದ್ರೆ, ಅಂಥ ಹಿರಿಯರನ್ನ ಇಲ್ಲ ಅಂದು ಅವಮಾನ ಮಾಡಿದೀರಿ. ಅದಕ್ಕೂ ಕಡಲತೀರ. ಯಾವುದು ಬೇಕೋ ಆರಿಸಿಕೊಳ್ಳಿ. ನಾನು ಬಲವಂತ ಮಾಡೋನಲ್ಲ."

ಸಮಾರಂಭ ಅದ್ದೂರಿಯಾಗಿ ನಡೆಯಿತು. ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿಯಿಟ್ಟು ಹೂಗುಚ್ಛವನ್ನು ಅದಕ್ಕೆ ಒರಗಿಸಿದರು. ಅದರ ಪಕ್ಕದ ಕುರ್ಚಿಗಾಗಿ ಹೌದಪ್ಪನಿಗೂ ಬೆಸುಗೆ ಮೇಡಮ್ಮಿಗೂ ಸಣ್ಣ ಎಳೆದಾಟವೇ ಆಯಿತು. ಅತಿ ದೊಡ್ಡ ಅಧಿಕಾರಿ, ತನ್ನ ಸನ್ಮಾನಕ್ಕೂ ತಾನೇ ಬಾರದ ಇಂಥ ನಿಸ್ಪೃಹತೆಯನ್ನು ನಮ್ಮ ಕಾಲದಲ್ಲಿ ಕಂಡಿಲ್ಲ, ಕಿರಿಯರು ಇವರಿಂದ ಕಲಿಯಬೇಕು ಎಂದರು. ಪರದೆಯ ಮೇಲೆ ನಕ್ಷೆ ಬೆಳಗುತ್ತಿತ್ತು. ದೊಡ್ಡವರ ವೃತ್ತದಿಂದ ಈಗ ಗೆರೆಗಳೋ ಗೆರೆಗಳು. ಇಡೀ ಸಂಸ್ಥೆಯೇ ಅವರೊಂದಿಗೆ ಜಂಟಿಯಾಗಿ ಬರೆಯತೊಡಗಿತ್ತು. ತುಕ್ಕಣ್ಣನತ್ತ ಹೋಗುತ್ತಿದ್ದ ಹಳೆಯ ಗೆರೆಯನ್ನು ಮಾತ್ರ ತೆಗೆದಿದ್ದರು. ದೊಡ್ಡವರೇ ಬೇಸರಪಟ್ಟು ಹಾಗೆ ತಿಳಿಸಿದರಂತೆ.

ಎದುರುಮನೆಯ ಟಿಕೆಟ್ ಕಲೆಕ್ಟರು ಮರುದಿನದಿಂದ ಗೇಟಿನ ಸದ್ದಿಗೆ ಮತ್ತೆ ಬೈಯತೊಡಗಿದರು. ಷಡ್ಡಕ ಫೋನು ಮಾಡಿ, "ಅಂಥ ದೊಡ್ಡ ಮನುಷ್ಯರ ಸಹವಾಸ ಉಳಿಸಿಕೊಳ್ಳೋಕೆ ಯೋಗ್ಯತೆ ಬೇಕು ಭಾವ," ಎಂದ. ಉದ್ಘಾಟನೆಗೆ ದೊಡ್ಡವರ ಸಂದೇಶ ತರಿಸಿಕೊಡಲು ಹೌದಪ್ಪ ಒಪ್ಪಿದ್ದನಂತೆ.

ಹೆಂಡತಿ ಪೆಟ್ಟಿಗೆಗೆ ಅವನ ಅಂಗಿಗಳನ್ನು ಮಡಿಸಿ ಇಡುತ್ತಿದ್ದಳು. ಅಂಗಡಿ ಬಿಟ್ಟು ಬರುವುದಿಲ್ಲ ಎಂಬ ಮಾತನ್ನು ಅವಳು ಬದಲಿಸಲಿಲ್ಲ. ಅವನೂ ಬದಲಿಸು ಎನ್ನಲಿಲ್ಲ. ಕೇಳುವ ಮುಖ ಅವನಿಗಿರಲಿಲ್ಲ.

"ಕನ್ನಡಕಕ್ಕೆ ದಾರ ಕಟ್ಟಿದೀನಿ," ಎಂದಳು. "ಕತ್ತಿಗೆ ಹಾಕ್ಕೊಳಿ. ಕಳೆಯಲ್ಲ." ಪೆಟ್ಟಿಗೆಯ ಮುಚ್ಚಳ ಒತ್ತಿ ಹಾಕಿದಳು. "ನಾವೇ ಹೆಸರಿಟ್ಟ ಕೂಸು ನೋಡಿ. ನಮ್ಮನ್ನೇ ಮನೆಯಿಂದ ಆಚೆ ಹಾಕಿತು."

ಹೊರಡುವ ದಿನ ತುಕ್ಕಣ್ಣ ಕೊಡೆ ಮರೆತಿದ್ದು ನೆನಪಾಗಿ ಸಂಶೋಧನಾಲಯಕ್ಕೆ ಹೋದ. ಕಿಟಕಿಯ ಕೋಣೆಯ ಮುಂದೆ ಜವಾನ ಏಣಿ ಹಾಕಿಕೊಂಡು ಹೊಸ ಹಿತ್ತಾಳೆಯ ಫಲಕಕ್ಕೆ ಮೊಳೆ ಹೊಡೆಯುತ್ತಿದ್ದ. ಫಲಕದ ಮೇಲೆ ಆ ಉದ್ದನೆಯ, ಗಂಭೀರವಾದ ಹೆಸರಿತ್ತು. ಬಾಗಿಲು ಮುಚ್ಚಿತ್ತು.

"ನನ್ನ ಕೊಡೆ ಒಳಗಿದೆ ಕಣಪ್ಪ."

"ಈಗ ಅದು ದೊಡ್ಡವರ ಕೋಣೆ ಸಾರ್. ಸುಮ್ನೆ ನುಗ್ಗಂಗಿಲ್ಲ. ತಟ್ಟಿ ಕೇಳ್ಬೇಕು."

"ಒಳಗೆ ಯಾರೂ ಇಲ್ಲ ಮಾರಾಯ."

ಜವಾನ ಸುತ್ತಿಗೆ ಕೆಳಗಿಳಿಸಿ ಅವನನ್ನು ಕನಿಕರದಿಂದ ನೋಡಿದ. "ಈ ಮಾತಿಗೇ ಅಲ್ವಾ ಸಾರ್ ನಿಮಗೆ ಈ ಗತಿ ಬಂದಿದ್ದು?"

ತುಕ್ಕಣ್ಣ ಬಾಗಿಲ ಎದುರು ನಿಂತ. ಅಂಗಿಯ ಗುಂಡಿ ಸರಿಮಾಡಿಕೊಂಡ. ಕೈಯೆತ್ತಿ, ಮೆಲ್ಲಗೆ, ಬೆರಳಿನ ಗಂಟಿನಿಂದ ತಟ್ಟಿದ. ಕಾದ. ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ ತಟ್ಟಿದ.

"ಕೆಲಸದಲ್ಲಿರ್ಬೇಕು," ಎಂದ ಜವಾನ.

"ಇರ್ಬೇಕು," ಎಂದು ತುಕ್ಕಣ್ಣ ತಲೆಯಾಡಿಸಿದ. ಕೊಡೆಯನ್ನು ಅಲ್ಲೇ ಬಿಟ್ಟು, ಸದ್ದಾಗದಂತೆ ಹೆಜ್ಜೆಯಿಡುತ್ತ ಮೆಟ್ಟಿಲಿಳಿದು ಹೋದ.